ಘೋಡಿಗೊಂದು ಸೋಮವಾರ

ರುಮೇನಿಯಾದ ಭಾಷೆಯಲ್ಲಿ ನನಗೆ ಗೊತ್ತಿರುವುದು ಹಿಡಿಯಷ್ಟು ಶಬ್ದ. ಅದರಲ್ಲಿ ಒಂದನ್ನು ಕಂಡರೆ ನನಗಾಗುವುದಿಲ್ಲ. ಶಾಂಟಿಯೆರ್. ಕಟ್ಟಡ ಏಳುತ್ತಿರುವ ಜಾಗ ಎಂದು ಅರ್ಥ, ಮುಂಬಯಿಯಲ್ಲಿ ನಾವು ಸೈಟ್ ಅನ್ನುತ್ತೇವಲ್ಲ, ಅದು. ಈ ಶಬ್ದ ರುಮೇನಿಯಾದವರ ಸ್ವಂತದ್ದಲ್ಲ, ಫ್ರೆಂಚರಿಂದ ತಂದದ್ದು. ಫ್ರೆಂಚರಿಗೆ ಅದು ಲ್ಯಾಟಿನ್‌ನಿಂದ ಬಂದದ್ದು. ಹಾಗೇ ಹಿಂದೆ ಹಿಂದೆ ಹೋದರೆ ಕೊನೆಗೆ ಒಂದು ಪ್ರಾಣಿ ಸಿಗುತ್ತದೆ. ಆ ಪ್ರಾಣಿಯ ಕಥೆಯನ್ನು ಅಣ್ಣನಿಗೆ ಫೋನಿನಲ್ಲಿ ಹೇಳಿದವಳು ನಾನು. ಅದಕ್ಕೂ ಅವನು ಬಿದ್ದದ್ದಕ್ಕೂ ಸಂಬಂಧವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಜನಕ್ಕೆ ಎಲ್ಲಿಂದೆಲ್ಲಿಗೋ ಸಂಬಂಧ ಕಟ್ಟುವ ಚಟ ಬಹಳ.

ನಾನು ಗೋರೆಗಾಂವ್‌ನಲ್ಲಿ ಶಾಲೆಯ ಮಕ್ಕಳಿಗೆ ಫ್ರೆಂಚ್ ಟ್ಯೂಷನ್ ಹೇಳುತ್ತೇನೆ. ದೊಡ್ಡ ದೊಡ್ಡ ಬಿಲ್ಡಿಂಗಿನ ಮಕ್ಕಳು, ಮಾರ್ಕು ಸುಲಭವಾಗಿ ಬರುತ್ತದೆಂದು ಫ್ರೆಂಚ್ ತೆಗೆದುಕೊಂಡವರು. ನಾನು ಹುಟ್ಟಿ ಬೆಳೆದದ್ದು ಮಾತ್ರ ಭಾಂಡುಪ್‌ನ ಗುಡ್ಡದ ಮೇಲಿನ ಒಂದು ಚಾಳಿನಲ್ಲಿ. ಗಿಲಾವ್ ಮಾಡುವವನ ಮಗಳು ಫ್ರೆಂಚ್ ಓದುತ್ತಾಳಂತೆ ಎಂದು ಗೊತ್ತಾದಾಗ ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರು ಆಡಿದ ಮಾತು ಇನ್ನೂ ಕಿವಿಯಲ್ಲಿದೆ: "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ." ಆ ಮಲ್ಲಿಗೆ ಮುಡಿಸಿದವನು ಅಣ್ಣ. ಅವನು ಶಾಲೆ ಬಿಟ್ಟು ಅಪ್ಪನ ಜೊತೆ ಕರಣಿ ಹಿಡಿದ, ನಾನು ಕಾಲೇಜಿಗೆ ಹೋದೆ. ಕಾಲೇಜಿನ ಫ್ರೆಂಚ್ ತರಗತಿಯಲ್ಲಿ ಜಾಗ ಖಾಲಿ ಇತ್ತು. ನಾನು ಆ ಭಾಷೆ ಕಲಿತದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

ಗಿಲಾವ್ ಎಂದರೆ ಇಟ್ಟಿಗೆ ಗೋಡೆಗೆ ಸಿಮೆಂಟು ಮೆತ್ತಿ ನುಣುಪು ಮಾಡುವ ಕೆಲಸ. ಕೈಗೆಟುಕದ ಎತ್ತರಕ್ಕೆ ಘೋಡಿ ಬೇಕು. ನಾಲ್ಕು ಕಾಲಿನ ಮರದ ಆಸರೆ ಅದು. ಎರಡು ಘೋಡಿ ನಿಲ್ಲಿಸಿ ಮೇಲೆ ಹಲಗೆ ಹಾಸಿ, ಹಲಗೆಯ ಮೇಲೆ ನಿಂತು ಕೆಲಸ ಮಾಡುತ್ತಾರೆ. ಹಿಂದಿಯವರು, ಮರಾಠಿಯವರು, ಎಲ್ಲರೂ ಅದನ್ನು ಘೋಡಿ ಎಂದೇ ಕರೆಯುತ್ತಾರೆ, ಹೆಣ್ಣುಕುದುರೆ ಎಂದು. ನಮ್ಮಪ್ಪನಿಗೆ ಮಾತ್ರ ಅದು ಕುದುರೆಯಲ್ಲ, ಎತ್ತು. ವಿಜಯಪುರದ ಕಡೆಯ ಹಳ್ಳಿಯಲ್ಲಿ ಅವನು ಒಂದು ಜೋಡಿ ಎತ್ತು ಬಿಟ್ಟು ಬಂದಿದ್ದ. ಆ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ವಾರ ಅದು. ಎಂಥ ಹಸಿ ಇದ್ದರೂ, ಬಿತ್ತನೆ ತಪ್ಪಿಹೋಗುತ್ತದೆ ಅಂದರೂ, ಸೋಮವಾರ ಎತ್ತು ಕೊಟ್ಟಿಗೆಯಲ್ಲೇ.

ಅಪ್ಪ ಆ ವಾರವನ್ನು ಮುಂಬಯಿಗೆ ತಂದು ಘೋಡಿಗೆ ಕಟ್ಟಿದ. ಸೋಮವಾರ ಬೆಳಿಗ್ಗೆ ಸೈಟಿಗೆ ಹೋದವನೇ ಹಲಗೆ ಇಳಿಸಿ, ಎರಡೂ ಘೋಡಿ ತೊಳೆದು, ಕಾಲುಗಳಿಗೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದ. ಆ ದಿನ ಉಸುಕು ಸೋಸುವುದು, ನಿನ್ನೆಯ ಗೋಡೆಗೆ ನೀರು ಹೊಡೆಯುವುದು, ನೆಲದಂಚಿನ ಪಟ್ಟಿ ಬಳಿಯುವುದು, ಇಷ್ಟೇ. ಕಂತ್ರಾಟುದಾರರು ಬೈಯುತ್ತಿದ್ದರು. "ರಜಾ ನನಗಲ್ರೀ ಸೇಠ್, ಅದಕ್ಕ" ಎಂದು ಘೋಡಿ ತೋರಿಸುತ್ತಿದ್ದ. ಮರದ ಘೋಡಿಗೆ ರಜೆ ಕೇಳುವ ಹುಚ್ಚನ ಜೊತೆ ಯಾರು ವಾದ ಮಾಡುತ್ತಾರೆ? ಬೈದು ಬೈದು ಸುಮ್ಮನಾಗುತ್ತಿದ್ದರು.

ಚಿಕ್ಕವಳಿದ್ದಾಗ ನನಗೆ ಅದು ನಾಚಿಕೆಯ ವಿಷಯ. ದೊಡ್ಡವಳಾದ ಮೇಲೆ ಅರ್ಥವಾಯಿತು. ವಾರದಲ್ಲಿ ಒಂದು ದಿನ ಅಪ್ಪನ ಕಾಲು ನೆಲದ ಮೇಲಿರುತ್ತಿತ್ತು, ಅವನ ರಟ್ಟೆ ತಲೆಗಿಂತ ಮೇಲೆ ಏಳುತ್ತಿರಲಿಲ್ಲ. ಹೆಗಲು ನೋಯುತ್ತದೆ ಅಂದರೆ ಯಾವ ಕಂತ್ರಾಟುದಾರನೂ ಬಿಡುತ್ತಿರಲಿಲ್ಲ, ದೇವರ ಹೆಸರು ಹೇಳಿದರೆ ಬಿಡುತ್ತಿದ್ದ. ಅಪ್ಪ ಇದನ್ನೆಲ್ಲ ಲೆಕ್ಕ ಹಾಕಿ ಮಾಡಿದ ಎನ್ನಲಾರೆ. ಅವನು ನಿಜವಾಗಿಯೂ ಘೋಡಿಗಾಗಿಯೇ ಮಾಡಿದ. ಅವನು ಕೊನೆಯವರೆಗೂ ಬೀಳಲಿಲ್ಲ, ಎದೆಯಲ್ಲಿ ಧೂಳು ಕೂತು ಮನೆಯಲ್ಲೇ ತೀರಿಕೊಂಡ. ಅಣ್ಣನಿಗೆ ಅವನಿಂದ ಬಂದದ್ದು ಆ ಎರಡು ಘೋಡಿ, ಮತ್ತೆ ಆ ಸೋಮವಾರ.

ಅಣ್ಣ ಅದನ್ನು ಒಂದು ವಾರವೂ ತಪ್ಪಿಸಲಿಲ್ಲ. ಮದುವೆಯಾಯಿತು, ಮಗಳು ಹುಟ್ಟಿದಳು, ಚಾಳಿನ ಅದೇ ಖೋಲಿಯಲ್ಲಿ ಸಂಸಾರ. ಆಮೇಲೆ ಮುಂಬಯಿಯಲ್ಲಿ ಸಿಮೆಂಟಿನ ಗಿಲಾವ್ ಕಡಿಮೆಯಾಗುತ್ತ ಬಂತು. ಒಳಗೋಡೆಗೆಲ್ಲ ಜಿಪ್ಸಂ ಬಂತು, ಅದಕ್ಕೆ ಬೇರೆಯವರ ತಂಡ, ಬೇರೆ ಕೈ. ಅಣ್ಣ ವಾರಗಟ್ಟಲೆ ರಸ್ತೆ ಕೂಡುವ ನಾಕಾದಲ್ಲಿ ನಿಂತು ಕೂಲಿಗೆ ಕರೆಯುವವರ ದಾರಿ ಕಾಯತೊಡಗಿದ. ಆಗ ಆಂಟಾಪ್ ಹಿಲ್‌ನಲ್ಲಿದ್ದ ನಮ್ಮ ಕಡೆಯ ಒಬ್ಬ ಏಜೆಂಟ್ ರುಮೇನಿಯಾದ ಮಾತು ತೆಗೆದ. ಅಲ್ಲಿ ಕಟ್ಟುವ ಕೆಲಸಕ್ಕೆ ಜನ ಬೇಕು, ಅಲ್ಲಿಯ ಗಂಡಸರೆಲ್ಲ ಇನ್ನೂ ಶ್ರೀಮಂತ ದೇಶಗಳಿಗೆ ಹೋಗಿಬಿಟ್ಟಿದ್ದಾರೆ ಅಂದ. ಅಣ್ಣನಿಗೆ ಆಗ ನಲವತ್ತು ದಾಟಿತ್ತು.

"ಈ ವಯಸ್ಸಿನಾಗ ಯಾಕ ಬೇಕೋ ಅಣ್ಣಾ" ಅಂದೆ.

"ಮನ್ಯಾಗ ಕುಂತು ಗ್ವಾಡಿ ನೋಡಿದ್ರ ಗ್ವಾಡಿ ಕೂಲಿ ಕೊಡತೈತೇನು?" ಅಂದ.

ಘೋಡಿಗಳನ್ನು ತೊಳೆದು, ಖೋಲಿಯ ಮೇಲಿನ ಅಟ್ಟದಲ್ಲಿ ಮಲಗಿಸಿ ಹೋದ. ಹೊರಡುವಾಗ ವೈನಿಗೆ, ಅಂದರೆ ಅವನ ಹೆಂಡತಿಗೆ, ಹೇಳಿದ್ದು ಒಂದೇ ಮಾತು: "ಸೋಮಾರ ಅದಕೊಂದೀಟು ವಿಭೂತಿ ಹಚ್ಚು." ಮಗಳ ಮೇಲೆ ಕಣ್ಣಿಡು ಎನ್ನಲಿಲ್ಲ, ಜ್ವರ ಬಂದರೆ ಯಾರನ್ನು ಕರೆಯಬೇಕು ಎನ್ನಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ವೈನಿ ಮಾತ್ರ ತಲೆಯಾಡಿಸಿದಳು.

ಅಲ್ಲಿ ಊಟದ ಬಿಡುವಿನಲ್ಲಿ ಅವನು ನನಗೆ ಫೋನ್ ಮಾಡುತ್ತಿದ್ದ. ಇಲ್ಲಿ ಆಗ ಮಧ್ಯಾಹ್ನ ಕಳೆದು ಟ್ಯೂಷನ್ನಿನ ಮಕ್ಕಳು ಬರುವ ಹೊತ್ತು. ದಿನಾ ಒಂದೆರಡು ಶಬ್ದ ತಂದು ನನ್ನ ಮುಂದೆ ಸುರಿಯುತ್ತಿದ್ದ. ಮಹಡಿಗೆ ಎತಾಜ್ ಅಂತಾರ, ಆಫೀಸಿಗೆ ಬಿರೋವು ಅಂತಾರ, ಮೇಸ್ತ್ರಿಗೆ ಶೆಫ್ ಅಂತಾರ. ನಾನು ನಗುತ್ತಿದ್ದೆ. ಎಲ್ಲ ನನ್ನ ಫ್ರೆಂಚೇ, ಬೇರೆ ಸೀರೆ ಉಟ್ಟುಕೊಂಡು ನಿಂತಿತ್ತು. ರುಮೇನಿಯಾದವರು ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚಿನಿಂದ ಗೋಣಿ ಗೋಣಿ ಶಬ್ದ ಹೊತ್ತು ತಂದವರು. ಗಿಲಾವಿನವನ ಮಗಳ ಫ್ರೆಂಚ್ ಕೊನೆಗೂ ಗಿಲಾವಿನವನ ಉಪಯೋಗಕ್ಕೆ ಬಿತ್ತು ಎಂದು ನನಗೆ ಒಳಗೊಳಗೇ ಹೆಮ್ಮೆ. ಅವನಿಗೂ ಹೆಮ್ಮೆ. ಜೊತೆಯ ನೇಪಾಳಿಗಳಿಗೆ, "ನನ್ನ ತಂಗೀನ್ನ ಕೇಳ್ತೀನಿ ತಡೀರಿ" ಎಂದು ಹಿಂದಿಯಲ್ಲಿ ಹೇಳುವುದು ನನಗೆ ಕೇಳಿಸುತ್ತಿತ್ತು.

ಒಂದು ದಿನ ಶಾಂಟಿಯೆರ್ ತಂದ. "ಬೆಳಗಾದ್ರ ಇದೇ ಮಾತು ನೋಡು. ಶಾಂಟಿಯೆರ್‌ಗೆ ನಡೀರಿ, ಶಾಂಟಿಯೆರ್‌ದಾಗ ಟೊಪಗಿ ಹಾಕ್ಕೋರಿ. ಏನ ಇದರ ಮೂಲ?" ಅಂದ.

ಫ್ರೆಂಚಿನಲ್ಲಿ ಅದು ಶಾಂತಿಯೇ, ಕಟ್ಟಡದ ಜಾಗ, ಅಷ್ಟು ಗೊತ್ತಿತ್ತು. ಮೂಲ ಗೊತ್ತಿರಲಿಲ್ಲ. ನನ್ನ ಹತ್ತಿರ ಒಂದು ದಪ್ಪ ಫ್ರೆಂಚ್ ನಿಘಂಟಿದೆ, ಹಳೆಯ ಪುಸ್ತಕದ ಅಂಗಡಿಯಿಂದ ತಂದದ್ದು, ಬೆನ್ನು ಕಿತ್ತುಹೋಗಿದೆ. ಅದನ್ನು ತೆಗೆದು ಕೂತೆ. ಈಗಿನ ಅರ್ಥ ಬರುವ ಮೊದಲು ಆ ಶಬ್ದಕ್ಕೆ ಮರದ ದಿಮ್ಮಿಯ ಆಸರೆ ಎಂದು ಅರ್ಥವಿತ್ತು. ದ್ರಾಕ್ಷಾರಸದ ಪೀಪಾಯಿ ನೆಲಕ್ಕೆ ತಾಗದಂತೆ ಅದರ ಕೆಳಗೆ ಇಡುತ್ತಿದ್ದ ದಿಮ್ಮಿ, ಕಟ್ಟುತ್ತಿರುವ ಹಡಗಿಗೆ ಕೊಡುತ್ತಿದ್ದ ಊರೆ. ಲ್ಯಾಟಿನ್ನಿನಲ್ಲಿ ಅದು ಕಾಂಥೇರಿಯುಸ್, ಮಾಡಿನ ಭಾರ ಹೊರುವ ತೊಲೆ. ತೊಲೆಗೆ ಆ ಹೆಸರು ಬಂದದ್ದು ಪ್ರಾಣಿಯಿಂದ: ಬೀಜ ಒಡೆದ ಕುದುರೆ, ಹೇರು ಹೊರುವ ಕುದುರೆ, ಸವೆದುಹೋದ ಮುದಿ ಕುದುರೆ. ಅದರ ಹಿಂದೆ ಗ್ರೀಕರ ಹೇರುಗತ್ತೆ.

ಮರುದಿನ ಅಣ್ಣನಿಗೆ ಇದನ್ನೆಲ್ಲ ಒಪ್ಪಿಸಿದೆ. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದೆ.

"ಅಂದ್ರ ಘೋಡಿ ಅನ್ನು" ಅಂದ. "ನಾ ಇಷ್ಟ ದೂರ ಬಂದು ಮತ್ತ ಅದರ ಮ್ಯಾಲೇ ನಿಂತೀನೇನ."

"ಅದು ಹಳೇ ಕಾಲದ ಮಾತೋ ಅಣ್ಣಾ. ಈಗ ಅಲ್ಲಿ ಯಾರಿಗೂ ಕುದುರಿ ನೆನಪಿಲ್ಲ."

"ಅವ್ರಿಗಿ ನೆನಪಿಲ್ಲಂದ್ರ ಅದಕ ಭಾರ ಕಮ್ಮಿ ಆಗತೈತೇನು?" ಅಂದ. ಆಮೇಲೆ ಗಂಭೀರವಾಗಿ ಕೇಳಿದ: "ಇಲ್ಲಿ ಮಂದಿ ಅದಕ ಯಾವ ವಾರ ಬಿಡ್ತಾರು?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮದು. ಹೆಸರಿನಲ್ಲಿ ಪ್ರಾಣಿ ಇದೆ ಅಂದ ಮೇಲೆ ಅದಕ್ಕೊಂದು ಬಿಡುವಿನ ವಾರವೂ ಇರಲೇಬೇಕು ಎಂದು ಅವನ ಎಣಿಕೆ. ಹೋದಾಗಿನಿಂದ ಅಲ್ಲಿ ಸೋಮವಾರವೂ ಅಟ್ಟಣಿಗೆ ಏರುತ್ತಿದ್ದನಂತೆ. ಅದು ಅವನನ್ನು ಒಳಗೇ ಕಡಿಯುತ್ತಿತ್ತು. ಹೆಗಲೂ ಕೈಕೊಡುತ್ತಿತ್ತು, ಬಲಗೈ ಮೇಲೆತ್ತಿದರೆ ನಡುಗುತ್ತದೆ ಎಂದು ಆ ದಿನವೇ ಮೊದಲ ಸಲ ಬಾಯಿಬಿಟ್ಟ. ರವಿವಾರದ ರಜೆಯಲ್ಲಿ ಬೇರೊಬ್ಬರ ಮನೆಯ ಕೆಲಸಕ್ಕೆ ಹೋಗುತ್ತಿದ್ದ. ಅಂದರೆ ವಾರದ ಏಳೂ ದಿನ ಎತ್ತರದಲ್ಲಿ. ಅವನಿಗೆ ಬೇಕಿದ್ದದ್ದು ಒಂದೇ ಒಂದು ದಿನ ನೆಲದ ಮೇಲೆ.

"ಶೆಫ್‌ನ್ನ ಕೇಳ್ತೀನಿ. ನೀ ಮಾತು ಜೋಡಿಸಿ ಕೊಡು" ಅಂದ.

ಜೋಡಿಸಿ ಕೊಟ್ಟೆ. ಲುನ್ಯಾ ಲುಕ್ರೆಜ್ ಜೋಸ್. ಸೋಮವಾರ ನಾನು ಕೆಳಗೆ ಕೆಲಸ ಮಾಡುತ್ತೇನೆ. ಸೋಮ ಅಂದರೂ ಚಂದ್ರ, ಅವರ ಲುನ್ಯಾದಲ್ಲಿರುವವನೂ ಚಂದ್ರನೇ ಎಂದು ಹೇಳಿದಾಗ ಅಣ್ಣನಿಗೆ ಧೈರ್ಯ ಬಂತು. ಮೇಸ್ತ್ರಿ ವಯಸ್ಸಾದವನು, ಹಳ್ಳಿಯವನು. ಅಣ್ಣ ಅವನೆದುರು ಈ ಮೂರು ಶಬ್ದ ಹೇಳಿ, ಆಮೇಲೆ ನೆಲದ ಮೇಲೆ ನಾಲ್ಕು ಕೈಕಾಲಿನಲ್ಲಿ ನಿಂತು, ಬೆನ್ನು ತೋರಿಸಿ, ಬೆನ್ನ ಮೇಲೆ ವಿಭೂತಿ ಹಚ್ಚುವಂತೆ ಕೈಯಾಡಿಸಿ ತೋರಿಸಿದನಂತೆ. ಮುದುಕ ನಕ್ಕು ನಕ್ಕು ಕೆಮ್ಮಿದನಂತೆ. ಅವನ ಮನೆಯಲ್ಲೂ ಗಾಡಿ ಎಳೆಯುವ ಕುದುರೆ ಇತ್ತಂತೆ, ಅದಕ್ಕೆ ರವಿವಾರ ಬಿಡುವು. ಸರಿ, ಸೋಮವಾರ ನೀನು ಕೆಳಗೆ ಸಿಮೆಂಟು ಕಲಸು ಅಂದ.

ಅಣ್ಣ ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ನಾನು ಆಮೇಲೆ ಕೇಳಿಲ್ಲ. "ತಂಗೆವ್ವಾ, ದೇಶಾ ಬ್ಯಾರೆ ಆದ್ರೂ ದನಾ ಕಟ್ಟಿದಾವ್ಗ ದನದ ಕಷ್ಟ ತಿಳೀತೈತಿ ನೋಡು" ಅಂದ. ಆ ಚಳಿಗಾಲವೆಲ್ಲ ಸೋಮವಾರ ಸೋಮವಾರ ಅವನು ನೆಲದ ಮೇಲಿದ್ದ. ಭಾಂಡುಪ್‌ನಲ್ಲಿ ವೈನಿ ಏಣಿ ಹತ್ತಿ ಅಟ್ಟದ ಘೋಡಿಗೆ ವಿಭೂತಿ ಹಚ್ಚುತ್ತಿದ್ದಳು. ಕೈಯ ನಡುಕ ಕಡಿಮೆಯಾಗಿದೆ ಎಂದ. ನಾನು ನಂಬಿದೆ.

ಆಮೇಲೆ ಆ ಮುದುಕ ಮೇಸ್ತ್ರಿ ಬಿಟ್ಟುಹೋದ. ಹೊಸಬ ಬಂದ. ಅವನಿಗೆ ಕುದುರೆಯೂ ಗೊತ್ತಿಲ್ಲ, ಕತ್ತೆಯೂ ಗೊತ್ತಿಲ್ಲ. ಅಣ್ಣ ಅವನೆದುರೂ ಮೂರು ಶಬ್ದ ಹೇಳಿದ, ಮಂಡಿಯೂರಿ ಬೆನ್ನು ತೋರಿಸಿದ. ಸೋಮವಾರ ಏರುವುದಿಲ್ಲವಾದರೆ ಮಂಗಳವಾರವೂ ಬರಬೇಡ ಎಂದನಂತೆ ಅವನು. ಕೆಲಸದ ಪರವಾನಗಿ ಆ ಕಂಪನಿಯ ಹೆಸರಿನಲ್ಲೇ ಇತ್ತು, ಬಿಟ್ಟರೆ ದೇಶ ಬಿಡಬೇಕು. ಅಣ್ಣ ಏರಿದ.

"ಮನ್ಯಾಗ ಹೇಳಬ್ಯಾಡ" ಎಂದು ನನಗೆ ಹೇಳಿದ.

ವೈನಿ ಪ್ರತಿ ಸೋಮವಾರ ಅವನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಇವತ್ತ ಏರಿಲ್ಲ ಹೌದಲ್ರೀ?" ಅವನು ಇಲ್ಲ ಅನ್ನುತ್ತಿದ್ದ. ನನ್ನ ಜೊತೆ ಮಾತಾಡುವಾಗಲೂ ಎತ್ತರದ ಗಾಳಿ ಫೋನಿನಲ್ಲಿ ಸುಯ್ಯೆನ್ನುತ್ತಿತ್ತು. ಅದು ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದಳೋ, ನಾನು ಇವತ್ತಿನವರೆಗೂ ಕೇಳಿಲ್ಲ. ನಾನು ಮಾತ್ರ ವಾಪಸು ಬಾ ಎಂದು ಅವನ ಜೊತೆ ದಿನಾ ಜಗಳವಾಡಿದೆ. "ಬರ್ತೀನಿ, ಬರ್ತೀನಿ, ಹುಡಿಗಿ ಕಾಲೇಜು ಮುಗೀಲಿ" ಅನ್ನುತ್ತಿದ್ದ.

ಬಿದ್ದದ್ದು ಗುರುವಾರ. ಇದನ್ನು ನಾನು ಎಲ್ಲರಿಗೂ ಒತ್ತಿ ಒತ್ತಿ ಹೇಳಿದ್ದೇನೆ. ಸೋಮವಾರವಲ್ಲ, ಗುರುವಾರ. ಎತ್ತರದ ಅಟ್ಟಣಿಗೆಗೆ ಒಂದು ಕಡೆ ಅಡ್ಡಗಂಬಿ ಹಾಕಿರಲಿಲ್ಲ. ಅವನು ಬಲಗೈ ಎತ್ತಿ ಮೂಲೆ ಬಳಿಯುತ್ತಿದ್ದ, ಕೈ ನಡುಗಿತು, ಹಿಂದಕ್ಕೆ ಹೆಜ್ಜೆ ಇಟ್ಟ, ಹಿಂದೆ ಏನೂ ಇರಲಿಲ್ಲ. ಸೊಂಟದ ಪಟ್ಟಿ ಅವನೇ ಸಿಕ್ಕಿಸಿಕೊಂಡಿರಲಿಲ್ಲ ಎಂದರು ಕಂಪನಿಯವರು. ಪಟ್ಟಿಗಳು ಇದ್ದದ್ದೇ ಅರ್ಧ ಜನಕ್ಕೆ ಎಂದರು ನೇಪಾಳಿಗಳು. ಏಜೆಂಟ್ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಫೋನ್ ತೆಗೆಯುವುದನ್ನೇ ಬಿಟ್ಟ.

ಬೆನ್ನುಮೂಳೆ ಮುರಿದಿತ್ತು. ಸೊಂಟದಿಂದ ಕೆಳಗೆ ಅರಿವಿಲ್ಲ. ಅಲ್ಲಿಯ ಆಸ್ಪತ್ರೆಯ ನರ್ಸ್ ಒಬ್ಬಳಿಗೆ ಫ್ರೆಂಚ್ ಬರುತ್ತಿತ್ತು, ಅವಳಿಂದ ತಿಳಿದು ವೈನಿಗೆ ಹೇಳಲು ನಾನು ಭಾಂಡುಪ್‌ಗೆ ಹೋದೆ. ವೈನಿ ಕಣ್ಣೀರು ಹಾಕಲಿಲ್ಲ. ನನ್ನ ಮುಖ ನೋಡಿ ಕೇಳಿದಳು:

"ಸೋಮಾರ ಏರತಿದ್ರೇನು?"

ಸುಳ್ಳು ಹೇಳಲಾಗಲಿಲ್ಲ. ಹೂಂ ಅಂದೆ.

"ಅದಕ" ಅಂದಳು. ಅಷ್ಟೇ.

ನನಗೆ ಸಿಟ್ಟು ನೆತ್ತಿಗೇರಿತು. "ಅದಕ ಅಲ್ಲ ವೈನಿ. ಕಂಬಿ ಹಾಕಿರಲಿಲ್ಲ, ಅದಕ. ಕೈ ನಡಗತಿತ್ತು, ಅದಕ. ದೇವರ ಮ್ಯಾಲೆ ಹಾಕಿ ಆ ಹಲ್ಕಟ್ಟುಗಳನ್ನ ಪಾರು ಮಾಡಬ್ಯಾಡ್ರಿ" ಎಂದು ಕಿರುಚಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಅವಳದೊಂದು ಕಾರಣ, ನನ್ನದೊಂದು ಕಾರಣ. ಆದರೆ ಈಗ ಶಾಂತವಾಗಿ ಯೋಚಿಸಿದರೆ, ಕೈಗೆ ವಾರಕ್ಕೊಂದು ದಿನ ಬಿಡುವು ಸಿಕ್ಕಿದ್ದರೆ ಅದು ಅಷ್ಟು ನಡುಗುತ್ತಿರಲಿಲ್ಲ. ಅವಳ ಕಾರಣ ನನ್ನ ಕಾರಣದಿಂದ ಅಷ್ಟೇನೂ ದೂರ ಇರಲಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ, ನಮ್ಮ ಸಿಟ್ಟು ಆ ಕಂಪನಿಯನ್ನು ಮುಟ್ಟುವ ದಾರಿಯೇ ಇರಲಿಲ್ಲ. ಅದು ಮನೆಯೊಳಗೇ, ವೈನಿಯ ಮೇಲೆ ಹರಿಯಿತು.

ಅಣ್ಣನನ್ನು ಕರೆತಂದಾಗ ಆಂಬುಲೆನ್ಸ್ ಗುಡ್ಡದ ಬುಡದಲ್ಲೇ ನಿಂತಿತು. ಅಲ್ಲಿಂದ ಮೇಲಕ್ಕೆ ಮೆಟ್ಟಿಲು, ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಬೇಕು. ಚಾಳಿನ ಗಂಡಸರು ಅವನನ್ನು ಪ್ಲಾಸ್ಟಿಕ್ ಕುರ್ಚಿಗೆ ಸೀರೆಯಿಂದ ಕಟ್ಟಿ ಹೊತ್ತು ತಂದರು. ಹಿಂದೆ ನಡೆಯುತ್ತಿದ್ದ ನಾನು ನೋಡಿದ್ದು ಅವನ ಚಪ್ಪಲಿಯಿಲ್ಲದ ಕಾಲು. ಮೆಟ್ಟಿಲಿಗೆ ತಾಗಿ ಹೆಬ್ಬೆರಳು ಕಿತ್ತು ರಕ್ತ ಬರುತ್ತಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ಹೊತ್ತವರಿಗೆ, "ಸಾವಕಾಶ, ಸಾವಕಾಶ, ನಿಮ್ಮ ಬೆನ್ನ ಹಿಡಕೊಂಡೀತು" ಅನ್ನುತ್ತಿದ್ದ.

ಆಸ್ಪತ್ರೆಯ ನಮೂನೆಯ ಮಂಚ ಆ ಬಾಗಿಲಲ್ಲಿ ಹಿಡಿಸುವುದಿಲ್ಲ. ನೆಲದ ಮೇಲೆ ಮಲಗಿಸಿದರೆ ಅವನನ್ನು ಹೊರಳಿಸಲು, ಒರೆಸಲು ವೈನಿ ದಿನಕ್ಕೆ ಎಷ್ಟೋ ಸಲ ಬಾಗಬೇಕು. ನಾಲ್ಕು ದಿನಕ್ಕೇ ಅವಳ ಸೊಂಟ ಹಿಡಿಯಿತು. ನನಗೆ ತಟ್ಟನೆ ಹೊಳೆಯಿತು. ಅಟ್ಟ ಹತ್ತಿ ಅಪ್ಪನ ಎರಡು ಘೋಡಿ ಇಳಿಸಿದೆ, ಕಾಲುಗಳನ್ನು ಬೇಕಾದಷ್ಟಕ್ಕೆ ಕೊಯ್ಯಿಸಿದೆ, ಹಲಗೆ ಹಾಸಿ ಹಾಸಿಗೆ ಹಾಕಿಸಿದೆ. ಸರಿಯಾಗಿ ವೈನಿಯ ಸೊಂಟದೆತ್ತರಕ್ಕೆ ಬಂತು.

"ಸೋಮಾರ?" ಅಂದಳು ವೈನಿ.

"ಮನುಷ್ಯಾ ದೊಡ್ಡಾವೋ ಕಟಗಿ ದೊಡ್ಡದೋ?" ಅಂದೆ.

ಅಣ್ಣ ಹಲಗೆಯ ಅಂಚಿನಿಂದ ಕೈ ಇಳಿಬಿಟ್ಟು, ಕೊಯ್ದ ಕಾಲನ್ನು ತಡವಿ ನೋಡಿದ.

ಮೊದಲ ಸೋಮವಾರ ಬೆಳಿಗ್ಗೆ ಅವನೇ ಕೇಳಿದ. ನನ್ನನ್ನು ಕೆಳಗೆ ಇಳಿಸಿ, ಸಂಜೆ ಮತ್ತೆ ಮೇಲೆ ಹಾಕಿ ಅಂದ. ವೈನಿ ನನಗೆ ಫೋನ್ ಮಾಡಿದಳು, ನಾನು ಫೋನಿನಲ್ಲೇ ಇಬ್ಬರಿಗೂ ಬಾಯಿಗೆ ಬಂದಂತೆ ಬೈದೆ. ಬೈದವಳು ಮುಂದಿನ ಸೋಮವಾರ ಟ್ಯೂಷನ್ ಬೇರೆ ದಿನಕ್ಕೆ ಹಾಕಿ, ಲಿಂಕ್ ರೋಡಿನ ಬಸ್ಸು ಹಿಡಿದು ಹೋದೆ. ನಾನು ತಲೆ ಮತ್ತು ಭುಜ, ವೈನಿ ಸೊಂಟ, ಅಣ್ಣನ ಮಗಳು ಕಾಲು. ಮೂವರೂ ಸೇರಿ ಅವನನ್ನು ಚಾಪೆಗೆ ಇಳಿಸಿದೆವು. ವೈನಿ ಘೋಡಿ ಒರೆಸಿ ವಿಭೂತಿ ಹಚ್ಚಿದಳು. ಅಣ್ಣ ಕೆಳಗಿನಿಂದ ಅದನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಆ ಒಂದು ದಿನ ನೆಮ್ಮದಿ ಇರುತ್ತಿತ್ತು, ಅದನ್ನು ನಾನು ಇಲ್ಲ ಎನ್ನಲಾರೆ.

"ಅತ್ತೆ, ಯೇ ಸಬ್ ಯಾಕ? ಪಪ್ಪಾಗ ದರ್ದ್ ಆಗತೈತಿ ನಾ" ಎಂದು ಹುಡುಗಿ ಒಮ್ಮೆ ನನ್ನನ್ನು ಕೇಳಿದಳು. ಅವಳ ಕನ್ನಡ ಅಷ್ಟೇ.

"ಪಪ್ಪಾಗ ಈಗ ಎಲ್ಲಿ ದರ್ದ್ ಆಗತೈತವ್ವಾ" ಅಂದೆ. ಅಂದಮೇಲೆ ಬಾತ್‌ರೂಮಿಗೆ ಹೋಗಿ ನಳ ಬಿಟ್ಟು ಅತ್ತೆ.

ಹೀಗೇ ಒಂದು ಮಳೆಗಾಲ ಕಳೆಯಿತು. ಬಸ್ಸು ತಪ್ಪಿದರೂ, ಮಳೆಗೆ ರಸ್ತೆ ತುಂಬಿದರೂ ಸೋಮವಾರ ನಾನು ಗುಡ್ಡ ಹತ್ತುತ್ತಿದ್ದೆ. ಆಮೇಲೆ ಅವನ ಸೊಂಟದ ಹಿಂದೆ ಹುಣ್ಣಾಯಿತು. ಮಲಗಿದಲ್ಲೇ ಮಲಗಿದವರಿಗೆ ಆಗುವ ಹುಣ್ಣು, ಮೊದಲು ಕೆಂಪು ಕಲೆ, ಆಮೇಲೆ ಚರ್ಮ ಬಿಟ್ಟಿತು, ಆಮೇಲೆ ಒಳಗಿನ ಮಾಂಸ ಕಾಣತೊಡಗಿತು. ನೋಡಲು ಬಂದ ಡಾಕ್ಟರ್, ಇವರನ್ನು ಎಳೆದಾಡಿ ಇಳಿಸುತ್ತೀರಾ ಎಂದು ಕೇಳಿದರು. ಹೌದು ಅಂದೆವು. ಇಳಿಸುವಾಗ, ಏರಿಸುವಾಗ ಚರ್ಮ ಉಜ್ಜುತ್ತದೆ, ನೆಲ ಒತ್ತುತ್ತದೆ, ಗಾಯ ಮೂಳೆಗೆ ಇಳಿದರೆ ಜೀವ ಉಳಿಯುವುದಿಲ್ಲ, ಇನ್ನು ಅಲುಗಿಸಬೇಡಿ ಎಂದರು. ಗಾಳಿ ತುಂಬಿದ ಹಾಸಿಗೆ ಹಾಕಿಸಿದರು. ಹೊರಳಿಸುವುದು ಮೇಲೆಯೇ.

ಸೋಮವಾರ ಇಲ್ಲ ಎಂದು ಅವನಿಗೆ ಹೇಳುವ ಕೆಲಸ ನನಗೆ ಬಂತು. ವೈನಿ ಬಾಗಿಲ ಹೊರಗೆ ನಿಂತಳು. ಎರಡು ದೇಶದ ಮೇಸ್ತ್ರಿಗಳ ಹತ್ತಿರ, ಲೆಕ್ಕವಿಲ್ಲದಷ್ಟು ಕಂತ್ರಾಟುದಾರರ ಹತ್ತಿರ ಕೇಳಿ ಪಡೆದ ದಿನ ಅದು. ಕಿತ್ತುಕೊಳ್ಳುವ ಸರದಿ ಈಗ ನನ್ನದಾಯಿತು.

ಅಣ್ಣ ಕೇಳಿಸಿಕೊಂಡ. ಸಿಟ್ಟು ಮಾಡಲಿಲ್ಲ. "ಆತು ಬಿಡು" ಅಂದ. ಆಮೇಲೆ, "ಆ ಶಬ್ದದಾಗ ಮುದಿ ಕುದುರಿ ಅಂದಿದ್ದೆಲ್ಲ, ಅದಕ ಏನ ಮಾಡತಿದ್ರು, ಬರದೈತೇನು?" ಅಂದ.

"ಇಲ್ಲೋ. ಅಷ್ಟೆಲ್ಲ ಬರ್ಯೂದಿಲ್ಲ ನಿಘಂಟಿನ್ಯಾಗ."

"ಹೂಂ" ಅಂದ.

ಮುಂದಿನ ಸೋಮವಾರ ಅವನಿಗೆ ಇಷ್ಟವೆಂದು ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿಕೊಂಡು ಹೋದೆ. ಇಳಿಸುವುದಿಲ್ಲವಲ್ಲ, ಅದರ ಬದಲಿಗೆ ಏನಾದರೂ ಕೊಡಬೇಕು ಅನಿಸಿತ್ತು. ವೈನಿ ಬೆಳಿಗ್ಗೆ ಕೊಟ್ಟ ಚಹಾ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಉಪ್ಪಿಟ್ಟು ಹಾಗೇ ಇತ್ತು. ರೊಟ್ಟಿ ಮುರಿದು ಬಾಯಿಯ ಹತ್ತಿರ ಹಿಡಿದೆ. ಅವನು ಮುಖ ಗೋಡೆಯ ಕಡೆ ತಿರುಗಿಸಿದ.

"ಯಾಕೋ? ಹೊಟ್ಟಿ ಸರಿಯಿಲ್ಲೇನ?"

"ಐತಿ."

"ಶಿವನ ಉಪಾಸ ಏನ? ಯಾವಾಗಿಂದ ಭಕ್ತ ಆದಿ?" ಎಂದು ಚೇಷ್ಟೆ ಮಾಡಿದೆ.

"ಶಿವಾ ಅಲ್ಲ ತಂಗೆವ್ವಾ" ಅಂದ. ಕೈ ಇಳಿಬಿಟ್ಟು ಘೋಡಿಯ ಕಾಲು ಮುಟ್ಟಿದ. "ಇಳೀಲಾಕಂತೂ ಆಗೂದಿಲ್ಲ. ಇವತ್ತೊಂದಿನಾ ಇದರ ಮ್ಯಾಲೆ ಹೊಸಾ ಭಾರ ಹಾಕಬ್ಯಾಡ."

ಆಗಲೇ ಅವನು ಹಗುರಾಗಿದ್ದ. ಹೊರಳಿಸಲು ಈಗ ವೈನಿ ಒಬ್ಬಳೇ ಸಾಕು. ಗಾಯ ಮಾಯಬೇಕಾದರೆ ಚೆನ್ನಾಗಿ ತಿನ್ನಲೇಬೇಕು ಎಂದು ಡಾಕ್ಟರ್ ಹೇಳಿದ್ದರು. ಅದನ್ನು ಹೇಳಿದೆ. ಬೈದೆ. ಅತ್ತೆ. ಕಾಲು ಹಿಡಿದುಕೊಂಡೆ. ಹಿಡಿದದ್ದು ಅವನಿಗೆ ತಿಳಿಯಲಿಲ್ಲ. ರೊಟ್ಟಿಯ ತುಂಡು ನನ್ನ ಕೈಯಲ್ಲೇ ಒಣಗಿತು. ಅವನು ಬಾಯಿ ತೆರೆಯಲಿಲ್ಲ. ಮಂಗಳವಾರ ಬೆಳಿಗ್ಗೆ ತಿಂದನಂತೆ, ಮುಂದಿನ ಸೋಮವಾರ ಮತ್ತೆ ಇಲ್ಲ, ಅದರ ಮುಂದಿನದೂ ಇಲ್ಲ. ಈಗ ಸೋಮವಾರ ನಾನು ಡಬ್ಬಿ ಒಯ್ಯುವುದಿಲ್ಲ. ಖಾಲಿ ಕೈಯಲ್ಲಿ ಗುಡ್ಡ ಹತ್ತಿ ಹೋಗುತ್ತೇನೆ, ಘೋಡಿಯ ಕಾಲು ತೊಳೆದು ವಿಭೂತಿ ಹಚ್ಚುತ್ತೇನೆ, ಸಂಜೆಯವರೆಗೆ ಅವನ ಪಕ್ಕದಲ್ಲಿ ಉಪವಾಸ ಕೂರುತ್ತೇನೆ.